ಹಿಡಿಕೆ ಕಾರ್ಖಾನೆಯ ಚೆಕ್‌ಪೋಸ್ಟು

ದೇಶ ಮುಂದುವರಿಯಬೇಕು ಎಂದು ಸರ್ಕಾರ ತೀರ್ಮಾನಿಸಿ ಆರು ವರ್ಷವಾಗಿತ್ತು. ಆ ತೀರ್ಮಾನದ ಪ್ರಕಾರ ದೊಡ್ಡವರು ದೊಡ್ಡ ಸಾಮಾನು ಮಾಡಬೇಕು, ಸಣ್ಣವರು ಸಣ್ಣ ಸಾಮಾನು ಮಾಡಬೇಕು. ಬಕೆಟ್ಟು ದೊಡ್ಡ ಸಾಮಾನು, ಬಕೆಟ್ಟಿನ ಹಿಡಿಕೆ ಸಣ್ಣ ಸಾಮಾನು. ಹಾಗಾಗಿ ಬಕೆಟ್ಟು ಮಾಡುವವರು ಹಿಡಿಕೆ ಮಾಡುವ ಹಾಗಿಲ್ಲ, ಹಿಡಿಕೆ ಮಾಡುವವರು ಬಕೆಟ್ಟಿನ ತಂಟೆಗೆ ಹೋಗುವ ಹಾಗಿಲ್ಲ. ಸಣ್ಣವರು ಅಂದರೆ ಯಾರು? ಅದಕ್ಕೂ ಕಾಯಿದೆ ಪುಸ್ತಕದಲ್ಲಿ ಉತ್ತರವಿತ್ತು: ಒಂದು ಸೂರಿನಡಿ ಹತ್ತು ಜನ. ಹತ್ತು ಅಂದರೆ ಹತ್ತು. ಹನ್ನೊಂದನೆಯವನು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಅಂದರೆ ಹಿಡಿಕೆಯ ಪರವಾನಗಿ ರದ್ದು.

ನಮ್ಮ ಹಿಡಿಕೆ ಯಜಮಾನನ ಸೂರಿನಡಿ ತನ್ನನ್ನೂ ಸೇರಿಸಿ ಸರಿಯಾಗಿ ಹತ್ತು ಜನರಿದ್ದರು. ಬೀಗ ರಿಪೇರಿಯವನ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಉದ್ದನೆಯ ಒಂದೇ ಕೋಣೆ, ಮೇಲೆ ತಗಡು. ಮುಂದಿನ ಅರ್ಧದಲ್ಲಿ ಬೀದಿ ಬಾಗಿಲು, ನೀರಿನ ನಲ್ಲಿ, ತಂತಿ ಕತ್ತರಿಸುವ ಮೇಜು, ತುದಿ ಬಗ್ಗಿಸುವ ಯಂತ್ರ. ಹಿಂದಿನ ಅರ್ಧದಲ್ಲಿ ಮರದ ಗುಂಡು ಕೂರಿಸುವ ಬಡಗಿ, ಅಂಟು ಕಾಯಿಸುವ ಒಲೆ, ವಾರ್ನಿಶ್ ಬಳಿಯುವ ಅಜ್ಜಿ. ದಿನಕ್ಕೆ ನಾನೂರು ಹಿಡಿಕೆ. ಊರಿನ ಯಾವ ಬಕೆಟ್ಟನ್ನು ಎತ್ತಿದರೂ ನಮ್ಮ ಯಜಮಾನನ ಕೈ ಕುಲುಕಿದ ಹಾಗೆಯೇ. ಇಷ್ಟಕ್ಕೆ ತೃಪ್ತಿಯಾಗಿದ್ದರೆ ಅವನ ಕಥೆ ಹೇಳುವ ತಾಪತ್ರಯ ನಮಗೆ ಇರುತ್ತಿರಲಿಲ್ಲ.

ಅವನಿಗೊಬ್ಬ ಷಡ್ಡಕನಿದ್ದ, ಹೆಂಡತಿಯ ತಂಗಿಯ ಗಂಡ. ಎಂಟುನೂರು ಜನ ದುಡಿಯುವ ಸಿಮೆಂಟ್ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಅವನಿಗೆ ಶೀತವಾದರೂ ಎಂಟುನೂರು ಜನರ ಪರವಾಗಿ ಸೀನುವವನ ಹಾಗೆ ಸೀನುತ್ತಿದ್ದ. ಒಂದು ದಿನ ಅವನು ಯಜಮಾನನ ಮನೆಯಲ್ಲಿದ್ದ ಮಾವನನ್ನು ನೋಡಲು ಬಂದವನು, ಮಾವನನ್ನೂ ಕರೆದುಕೊಂಡು ಹಿಡಿಕೆ ಕಾರ್ಖಾನೆಗೆ ಬಂದು ನಿಂತ.

"ಎಷ್ಟು ಜನ ಭಾವ? ಹತ್ತಾ?" ಎಂದು ಸುತ್ತ ನೋಡಿದ. "ನಮ್ಮಲ್ಲಿ ಕ್ಯಾಂಟೀನಲ್ಲಿ ಲೋಟ ತೊಳೆಯೋರೇ ಹತ್ತು ಜನ."

ಮಾವ ಒಮ್ಮೆ ಮೂಗು ಸೇದಿದರು, ಅಷ್ಟೆ. ಯಜಮಾನನಿಗೆ ಅದು ಕಪಾಳಕ್ಕೆ ಹೊಡೆದ ಹಾಗಾಯಿತು. ಇದೇ ಗಳಿಗೆಗೆ ಕಂಕುಳಲ್ಲಿ ರಿಜಿಸ್ಟರ್ ಸಿಕ್ಕಿಸಿಕೊಂಡು ಕೈಗಾರಿಕಾ ಇಲಾಖೆಯ ಗಣತಿ ಗುಮಾಸ್ತ ಒಳಗೆ ಬರಬೇಕೇ!

"ವರ್ಷದ ಗಣತಿ. ಎಷ್ಟು ಜನ ಕೆಲಸಕ್ಕಿದ್ದಾರೆ?"

"ಹನ್ನೊಂದು," ಎಂದ ಯಜಮಾನ, ಎದೆ ಉಬ್ಬಿಸಿ.

ತಂತಿ ಕತ್ತರಿಸುವವನ ಕೈ ನಿಂತಿತು. ವಾರ್ನಿಶ್ ಅಜ್ಜಿ ಬೆರಳು ಮಡಿಸಿ ಎಣಿಸತೊಡಗಿದಳು. ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ಹನ್ನೊಂದಾ?" ಎಂದು ಇನ್ನೊಮ್ಮೆ ಕೇಳಿದ. ಪಾಪ, ಒಳ್ಳೆಯ ಮನುಷ್ಯ, ಒಂದು ಅವಕಾಶ ಕೊಟ್ಟ. ಆದರೆ ಷಡ್ಡಕ ಪಕ್ಕದಲ್ಲೇ ನಿಂತಿದ್ದನಲ್ಲ.

"ಹನ್ನೊಂದೇ. ಮುಂದಿನ ತಿಂಗಳು ಇನ್ನೂ ಹೆಚ್ಚಾಗಬಹುದು."

ಗುಮಾಸ್ತ ಬರೆದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುತ್ತಾದರೂ ಪರವಾಗಿಲ್ಲ, ಅಂಟು ಹಾಕಬಹುದು. ಇದು ಇಲಾಖೆಯ ಶಾಯಿ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಯಜಮಾನ ಇಲಾಖೆಯ ಮೆಟ್ಟಿಲ ಮೇಲೆ ಕೂತಿದ್ದ.

"ಹತ್ತೇ ಸಾರ್, ಬಾಯಿ ತಪ್ಪಿ ಬಂದ್ಬಿಡ್ತು."

"ತಿದ್ದೋ ಹಾಗಿಲ್ಲ," ಎಂದ ಗುಮಾಸ್ತ. "ಹನ್ನೊಂದು ಜನ ಇದ್ರೆ ನೀವು ಸಣ್ಣವರಲ್ಲ. ಸಣ್ಣವರಲ್ಲ ಅಂದ್ರೆ ಹಿಡಿಕೆ ಮಾಡೋ ಹಾಗಿಲ್ಲ. ಹದಿನೈದು ದಿನದಲ್ಲಿ ಬೀಗ."

"ಹಂಗಾದ್ರೆ ಹನ್ನೊಂದನೇವನನ್ನ ಕೆಲಸದಿಂದ ತೆಗೆದುಬಿಡ್ತೀನಿ!"

"ತೆಗೀರಿ. ಅವನ ಕೈಯಲ್ಲಿ ರಾಜೀನಾಮೆ ಬರೆಸಿ, ಸಹಿ ಹಾಕಿಸಿ ತನ್ನಿ."

"ಅವನು ಇಲ್ವೇ ಇಲ್ಲ ಸಾರ್!"

"ಇಲ್ಲದೋನಿಗೆ ರಾಜೀನಾಮೆ ಕೊಡೋಕೆ ಅಧಿಕಾರ ಇಲ್ಲ," ಎಂದ ಗುಮಾಸ್ತ ಗಂಭೀರವಾಗಿ. ಆಮೇಲೆ ಯಜಮಾನನ ಮುಖ ನೋಡಿ ಕರಗಿ, ಸ್ವರ ತಗ್ಗಿಸಿದ. "ನೋಡಿ, ಒಂದು ದಾರಿ ಇದೆ. ಕಾರ್ಖಾನೆ ಎರಡು ಭಾಗ ಮಾಡಿ. ಈ ಕಡೆ ಐದು, ಆ ಕಡೆ ಆರು. ಆ ಕಡೆ ಇನ್ನೊಬ್ಬರ ಹೆಸರಲ್ಲಿರಲಿ. ನಡುವೆ ಸ್ಪಷ್ಟವಾದ ಗಡಿ ಇರಬೇಕು. ಗೋಡೆ ಬೇಡ, ಒಂದು ಗೆರೆ ಎಳೆದ್ರೂ ಸಾಕು. ಆದ್ರೆ ಆಚೆ ಕಡೆಗೆ ಮಾಲೀಕ ಅಂತ ಒಬ್ಬ ಇರ್ಬೇಕು. ಅವನೇ ನಿಮ್ಮ ಹನ್ನೊಂದನೇವನು."

ಮಾಲೀಕನಿಗಾಗಿ ದೂರ ಹುಡುಕಬೇಕಾಗಿರಲಿಲ್ಲ. ಮನೆಯಲ್ಲಿ ಮಾವ ಇದ್ದರು.

ಮಾವ ಮೂವತ್ತೊಂದು ವರ್ಷ ಗಡಿ ಚೆಕ್‌ಪೋಸ್ಟಿನಲ್ಲಿ ಅಡ್ಡಗಂಬ ಎತ್ತುವ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಮೂವತ್ತೊಂದು ವರ್ಷದಲ್ಲಿ ಚೀಟಿ ಇಲ್ಲದೆ ಒಂದು ಆಡೂ ದಾಟಿರಲಿಲ್ಲ ಎಂಬುದು ಅವರ ಹೆಮ್ಮೆ. ನಿವೃತ್ತಿಯಾದ ಮೇಲೆ ಮಗಳ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಯಾರು ಒಳಗೆ ಹೋದರೂ, "ಕೈಯಲ್ಲಿ ಏನು?" ಎಂದು ಕೇಳುತ್ತಿದ್ದರು. ಇವರನ್ನು ಕಾರ್ಖಾನೆಗೆ ಕಳಿಸುವ ಮಾತೆತ್ತಿದ ಕೂಡಲೇ ಯಜಮಾನನ ಹೆಂಡತಿ ಅವರ ಚಪ್ಪಲಿ ತಂದು ಬಾಗಿಲಲ್ಲಿಟ್ಟಳು.

"ನೀವು ಏನೂ ಮಾಡಬೇಕಾಗಿಲ್ಲ ಮಾವ," ಎಂದ ಯಜಮಾನ. "ಸುಮ್ನೆ ಗೆರೆ ಆಚೆ ಕೂತಿರಿ, ಅಷ್ಟೆ."

ಗೆರೆ ಎಂಬ ಶಬ್ದ ಕೇಳಿ ಮಾವನ ಬೆನ್ನು ನೆಟ್ಟಗಾಯಿತು. ಮೂವತ್ತೊಂದು ವರ್ಷ ಗೆರೆ ಕಾದವರ ಕೈಗೆ ಹೊಸ ಗೆರೆ ಕೊಟ್ಟು ಸುಮ್ಮನೆ ಕೂತಿರಿ ಎನ್ನುವುದು, ಬೆಕ್ಕಿನ ಮುಂದೆ ಹಾಲಿಟ್ಟು ನೋಡಿಕೋ ಎಂದ ಹಾಗೆ. ಇಷ್ಟು ಸಣ್ಣ ವಿಷಯ ನಮ್ಮ ಯಜಮಾನನಿಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಬಂದು ನೋಡಿದರೆ ಕೋಣೆಯ ನಡುವೆ ಬಿಳಿ ಗೆರೆ, ಗೆರೆಯ ಎರಡೂ ಬದಿ ಬೆಂಚು, ನಡುವಿನ ಕಿಂಡಿಗೆ ಅಡ್ಡವಾಗಿ ಕೆಂಪು ಬಿಳಿ ಪಟ್ಟೆಯ ಉದ್ದನೆಯ ಕೋಲು. ಕೋಲಿನ ಒಂದು ತುದಿಗೆ ಕಲ್ಲು, ಇನ್ನೊಂದು ತುದಿಗೆ ಹಗ್ಗ. ಹಗ್ಗ ಮಾವನ ಕೈಯಲ್ಲಿ, ಸೀಟಿ ಮಾವನ ಬಾಯಲ್ಲಿ.

"ಇದೇನ್ ಮಾವ?"

"ಗೇಟು. ನಿಮ್ಮ ಕೈಯಲ್ಲಿ ಏನು?"

"ತಂತಿ. ಬಡಗಿಗೆ ಕೊಡ್ಬೇಕು."

"ಎಷ್ಟು?"

"ಯಾರಿಗ್ಗೊತ್ತು, ಒಂದು ಕಟ್ಟು."

"ಎಣಿಸಿ ತನ್ನಿ."

ಚೀಟಿ ಪುಸ್ತಕವೂ ತಯಾರಾಗಿತ್ತು. ಬಿಳಿ ಚೀಟಿ ಯಜಮಾನನಿಗೆ, ಗುಲಾಬಿ ಚೀಟಿ ಮಾವನಿಗೆ, ಹಳದಿ ಚೀಟಿ ಇಲಾಖೆಗೆ. ಹಿಡಿಕೆ ಎಂಬುದು ಒಂದೇ ಕಡೆ ಕೂತು ಹುಟ್ಟುವ ವಸ್ತುವಲ್ಲ. ಮುಂದೆ ತಂತಿ ಕತ್ತರಿಸಬೇಕು, ಹಿಂದೆ ಹೋಗಿ ಮರದ ಗುಂಡು ಕೂರಬೇಕು, ಮುಂದೆ ಬಂದು ತುದಿ ಬಗ್ಗಬೇಕು, ಮತ್ತೆ ಹಿಂದೆ ಹೋಗಿ ವಾರ್ನಿಶ್, ಮತ್ತೆ ಮುಂದೆ ಬಂದು ಕಟ್ಟು. ಪ್ರತಿ ಸಲ ಕೋಲು ಏಳಬೇಕು, ಪ್ರತಿ ಸಲ ಮೂರು ಚೀಟಿ. ನಲ್ಲಿ ಮುಂದಿನ ಭಾಗದಲ್ಲಿದ್ದುದರಿಂದ ವಾರ್ನಿಶ್ ಅಜ್ಜಿಗೆ ಬಾಯಾರಿದರೆ ಅದಕ್ಕೂ ಚೀಟಿ.

"ಒಂದು ಲೋಟ ನೀರಿಗೂ ಚೀಟೀನಾ?" ಎಂದು ಅಜ್ಜಿ ಸಿಡುಕಿದಳು.

"ಖಾಲಿ ಲೋಟ ಹೊರಗೆ ಹೋಗೋಕೆ ಒಂದು, ತುಂಬಿದ ಲೋಟ ಒಳಗೆ ಬರೋಕೆ ಒಂದು," ಎಂದರು ಮಾವ. "ಎರಡೂ ಬೇರೆ ಬೇರೆ ಸಾಮಾನು."

ವಾರ ಕಳೆಯುವುದರೊಳಗೆ ಮಾವನಿಗೆ ತಮ್ಮ ಅರ್ಧ ಕೋಣೆಯ ಭವಿಷ್ಯದ ಬಗ್ಗೆ ಚಿಂತೆ ಹತ್ತಿತು. ತಾವು ಕೂತಿದ್ದ ಸ್ಟೂಲು ಅಳಿಯನ ಕಡೆಯದು ಎಂದು ಗೊತ್ತಾದಾಗ ಅದನ್ನು ಚೀಟಿ ಸಮೇತ ವಾಪಸು ಕಳಿಸಿದರು.

"ಯಾಕೆ ಮಾವ, ಚೆನ್ನಾಗೇ ಇತ್ತಲ್ಲ?"

"ಚೆನ್ನಾಗಿರೋದೇ ತೊಂದರೆ. ನಿಮ್ಮ ಸ್ಟೂಲು ಬರ್ತಾ ಇದ್ರೆ ನಮ್ಮೋರು ಸ್ಟೂಲು ಮಾಡೋದು ಕಲಿಯೋದು ಯಾವಾಗ? ಇವತ್ತಿಂದ ನಮ್ಮ ಕಡೆ ನಮ್ಮದೇ ಸ್ಟೂಲು."

ಬಡಗಿ ಹುಟ್ಟಿದಾಗಿನಿಂದ ಮರದ ಗುಂಡು ಬಿಟ್ಟರೆ ಬೇರೇನೂ ಮಾಡಿದವನಲ್ಲ. ಎರಡು ದಿನ ಹಿಡಿಕೆ ಕೆಲಸ ನಿಲ್ಲಿಸಿ ಸ್ಟೂಲು ಮಾಡಿದ. ನಾಲ್ಕು ಕಾಲು, ನಾಲ್ಕು ಅಳತೆ. ಕೂತವರು ಅತ್ತ ವಾಲಿ ಇತ್ತ ವಾಲಿ ಕೊನೆಗೆ ಗೋಡೆಗೆ ಕೈ ಕೊಟ್ಟೇ ನಿಲ್ಲಬೇಕು. ಮಾವ ಅದರ ಮೇಲೆ ಕೂರುವ ಧೈರ್ಯ ಮಾಡಲಿಲ್ಲ. ಅತಿಥಿಗಳಿಗೆ ಎಂದು ಎತ್ತಿಟ್ಟು, ತಾವು ನಿಂತೇ ಕೆಲಸ ಮಾಡಿದರು.

ಮನೆಯಲ್ಲಿ ಯಜಮಾನ ಹೆಂಡತಿಯ ಮುಂದೆ ಗೋಳಾಡಿದ. "ನಿಮ್ಮಪ್ಪ ನನ್ನ ಕಾರ್ಖಾನೇಲಿ ನನ್ನನ್ನೇ ಪರದೇಶಿ ಮಾಡಿಬಿಟ್ರಲ್ಲೇ!"

"ಅಪ್ಪ ಎಷ್ಟು ಗೆಲುವಾಗಿದ್ದಾರೆ ನೋಡಿದ್ರಾ? ಎರಡು ವರ್ಷದಿಂದ ಹಿಂಗೆ ನಕ್ಕಿರಲಿಲ್ಲ," ಎಂದಳು ಅವಳು. "ಇರಲಾರದೆ ಇರುವೆ ಬಿಟ್ಕೊಂಡೋರು ನೀವು. ಹತ್ತು ಅನ್ನೋಕೆ ಏನಾಗಿತ್ತು ಬಾಯಿಗೆ?"

ನಿಜ ಹೇಳಬೇಕೆಂದರೆ ಮುದುಕರು ನಗುವುದನ್ನು ಕಂಡು ಅವನಿಗೂ ಒಳಗೊಳಗೇ ಸಂತೋಷವಾಗಿತ್ತು. ಆದರೆ ದಿನಕ್ಕೆ ನಾನೂರು ಇದ್ದ ಹಿಡಿಕೆ ಮುನ್ನೂರಕ್ಕಿಳಿದು, ಇನ್ನೂರಕ್ಕಿಳಿದು, ನೂರೈವತ್ತಕ್ಕೆ ಬಂದು ನಿಂತಿತ್ತು. ಉಳಿದ ಹೊತ್ತೆಲ್ಲ ಜನ ಗೇಟಿನ ಮುಂದೆ ಸಾಲುಗಟ್ಟಿ ನಿಂತಿರುತ್ತಿದ್ದರು.

ಮೂರು ತಿಂಗಳಿಗೆ ಗಣತಿ ಗುಮಾಸ್ತ ಓಡೋಡಿ ಬಂದ. ಈ ಸಲ ಅವನ ಹಿಂದೆ ಇಲಾಖೆಯ ದೊಡ್ಡ ಸಾಹೇಬರೂ ಇದ್ದರು. ಯಜಮಾನನ ಜೀವ ಬಾಯಿಗೆ ಬಂತು. ಬೀಗ ಹಾಕಲು ಬಂದರು ಎಂದುಕೊಂಡು ಗೋಡೆಗೆ ಒರಗಿದ.

ಸಾಹೇಬರು ಬಂದವರೇ ಅವನನ್ನು ಅಪ್ಪಿಕೊಂಡರು.

"ನಾಲ್ಕು ಪಟ್ಟು! ಮೂರೇ ತಿಂಗಳಲ್ಲಿ ನಾಲ್ಕು ಪಟ್ಟು! ಏನ್ ಮಾಡಿದ್ರಿ ನೀವು?"

ಆಗಿದ್ದಿಷ್ಟು. ಇಲಾಖೆಗೆ ಹೋದ ಪ್ರತಿ ಹಳದಿ ಚೀಟಿಯನ್ನೂ ಗುಮಾಸ್ತ ನಿಷ್ಠೆಯಿಂದ ಹೊಸ ಉತ್ಪಾದನೆ ಎಂದು ಬರೆದುಕೊಂಡಿದ್ದ. ಒಂದೇ ಹಿಡಿಕೆ ಗೆರೆ ದಾಟಿದಷ್ಟು ಸಲ, ತಂತಿ ಬೇರೆ ಗುಂಡು ಬೇರೆ ಎಂದು, ಹೊಸದಾಗಿ ಹುಟ್ಟಿತ್ತು. ಅದರ ಜೊತೆಗೆ ಅಜ್ಜಿಯ ಲೋಟ, ಎಲ್ಲರ ಊಟದ ಡಬ್ಬಿ, ಬಡಗಿ ಮರೆತು ಬಂದ ಟೋಪಿ. ವಾಪಸು ಹೋದ ಸ್ಟೂಲು ರಫ್ತಿನ ಪಟ್ಟಿಯಲ್ಲಿತ್ತು.

"ಸಾರ್, ನಿಜ ಏನಂದ್ರೆ..." ಎಂದು ಯಜಮಾನ ಬಾಯಿ ತೆರೆದ.

"ವಿನಯ ಬೇಡ," ಎಂದರು ಸಾಹೇಬರು. "ಬಡ ದೇಶಗಳು ಮುಂದೆ ಬರೋದು ಹೇಗೆ ಅಂತ ಜಗತ್ತೆಲ್ಲ ಸುತ್ತಿ ನೋಡ್ತಿರೋ ತಜ್ಞರು ನಾಳಿದ್ದು ನಮ್ಮೂರಿಗೆ ಬರ್ತಾರೆ. ಅವರಿಗೆ ಸಿಮೆಂಟ್ ಕಾರ್ಖಾನೆ ತೋರಿಸ್ಬೇಕು ಅಂತಿದ್ವಿ. ಅದು ಬೇಡ, ನಿಮ್ಮದೇ ತೋರಿಸ್ತೀವಿ."

ಸಿಮೆಂಟ್ ಕಾರ್ಖಾನೆ ಬೇಡ, ನಿಮ್ಮದೇ! ಯಜಮಾನನ ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು. ಆ ಸಂಜೆ ಮನೆಗೆ ಹೋಗುವಾಗ ಅವನು ಸುತ್ತು ಹಾಕಿಕೊಂಡು ಷಡ್ಡಕನ ಬೀದಿಯಲ್ಲೇ ಹೋದ.

ತಜ್ಞರು ಬಂದ ದಿನ ಹಿಡಿಕೆ ಕಾರ್ಖಾನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬೀಗದವನೂ ಇಸ್ತ್ರಿಯವನೂ ಅಂಗಡಿ ಬಿಟ್ಟು ಬಂದು ಕಿಟಕಿಗೆ ಮೂಗು ಒತ್ತಿ ನಿಂತಿದ್ದರು. ಷಡ್ಡಕನೂ ಬಂದು ಮೂಲೆಯಲ್ಲಿ ಹುಳ್ಳಗೆ ನಿಂತಿದ್ದ. ತಜ್ಞರು ಎತ್ತರದ, ತೆಳ್ಳನೆಯ, ಎಲ್ಲವನ್ನೂ ನೋಡಿ "ಅದ್ಭುತ" ಎನ್ನುವ ಮನುಷ್ಯ. ಗೇಟು ನೋಡಿ ಅದ್ಭುತ ಎಂದರು. ಮಾವ ಅವರ ಜೇಬು ತಪಾಸಣೆ ಮಾಡಿ, ಪೆನ್ನು ಎರಡು, ಕರವಸ್ತ್ರ ಒಂದು ಎಂದು ಚೀಟಿ ಬರೆದಾಗ ಇನ್ನೂ ಅದ್ಭುತ ಎಂದರು. ಸಾಹೇಬರ ಅಪ್ಪಣೆಯಂತೆ ಮೂರು ತಿಂಗಳ ಹಳದಿ ಚೀಟಿಗಳನ್ನೆಲ್ಲ ಇಲಾಖೆಯಿಂದ ತರಿಸಿ, ಬಿಳಿ, ಗುಲಾಬಿ ಚೀಟಿಗಳ ಜೊತೆ ಒಲೆಯ ಪಕ್ಕ ಎದೆಮಟ್ಟ ಪೇರಿಸಿಟ್ಟಿದ್ದರು.

"ಇದೇ ನಮ್ಮ ಅಭಿವೃದ್ಧಿ," ಎಂದು ಸಾಹೇಬರು ಆ ರಾಶಿಯ ಬೆನ್ನು ತಟ್ಟಿದರು.

ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ಗದ್ದಲವಾಯಿತು. ಬಕೆಟ್ ಕಾರ್ಖಾನೆಯವನು ಒಂದು ಖಾಲಿ ಬಕೆಟ್ಟನ್ನು ಕೂಸಿನಂತೆ ಎದೆಗವಚಿಕೊಂಡು ನುಗ್ಗಿ ಬಂದ.

"ಎಲ್ಲಯ್ಯಾ ನನ್ನ ಹಿಡಿಕೆ? ಆರು ಸಾವಿರ ಬಕೆಟ್ಟು ಹಿಡಿಕೆ ಇಲ್ದೆ ಕೂತಿದೆ! ಊರಲ್ಲಿ ಜನ ಬಕೆಟ್ ತಬ್ಕೊಂಡು ಓಡಾಡ್ತಿದ್ದಾರೆ! ನಾನೇ ಮಾಡ್ಕೋತೀನಿ ಅಂದ್ರೆ ಕಾಯಿದೆ ಬಿಡಲ್ಲ, ನಿನ್ನನ್ನ ನಂಬಿದ್ರೆ ನೀನು ಕೊಡಲ್ಲ!"

"ಹಿಡಿಕೆ ಇಲ್ವಾ?" ತಜ್ಞರು ಮೊದಲ ಬಾರಿಗೆ ಅದ್ಭುತ ಎನ್ನದೆ ಹುಬ್ಬೇರಿಸಿದರು. "ನಾಲ್ಕು ಪಟ್ಟು ಹೆಚ್ಚಾಗಿದೆ ಅಂದ್ರಲ್ಲ? ನಿನ್ನೆ ಒಂದು ದಿನ ಎಷ್ಟು ಹಿಡಿಕೆ ಹೊರಗೆ ಹೋಯ್ತು?"

ಯಜಮಾನ ಸಾಹೇಬರ ಮುಖ ನೋಡಿದ. ಸಾಹೇಬರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಸೂರಿನ ತಗಡು ನೋಡಿದ. ನಿಜ ಹೇಳಿದರೆ ಹನ್ನೊಂದರ ಕಥೆಯೂ ಹೊರಬಿದ್ದು ಕಾರ್ಖಾನೆಗೆ ಬೀಗ, ಹತ್ತು ಜನರ ಹೊಟ್ಟೆಗೆ ತಣ್ಣೀರು ಬಟ್ಟೆ. ಸುಳ್ಳು ಹೇಳೋಣವೆಂದರೆ ಬಕೆಟ್ಟಿನವನು ಎದುರಿಗೇ ಇದ್ದಾನೆ.

"ಮೊದಲು ಕೂತ್ಕೊಳ್ಳಿ," ಎಂದು ಸಾಹೇಬರು ಗಡಿಬಿಡಿಯಿಂದ ಅತಿಥಿಗಳ ಸ್ಟೂಲು ಎಳೆದು ಕೊಟ್ಟರು.

ತಜ್ಞರು ಕೂತರು. ಸ್ಟೂಲು ಅತ್ತ ವಾಲಿತು. ತಜ್ಞರು ಇತ್ತ ವಾಲಿದರು. ಸ್ಟೂಲಿನ ಒಂದು ಕಾಲು ತನ್ನ ದಾರಿ ತಾನು ಹಿಡಿಯಿತು. ತಜ್ಞರ ಉದ್ದನೆಯ ಕಾಲುಗಳು ಮೇಲೆ ಹಾರಿ ಅಂಟಿನ ಒಲೆಗೆ ಒದ್ದವು, ಒಲೆ ಉರುಳಿ ಕೆಂಡ ಚೀಟಿಗಳ ರಾಶಿಗೆ ಬಿತ್ತು. ಚೀಟಿ ಅಂದರೆ ಒಣ ಕಾಗದ. ಭಗ್ಗೆಂದಿತು.

"ನೀರು! ನೀರು!"

ಯಜಮಾನ ಬಕೆಟ್ಟಿನವನ ಕೈಯಿಂದ ಬಕೆಟ್ಟು ಕಿತ್ತುಕೊಂಡು ನಲ್ಲಿಯಡಿ ತುಂಬಿಸಿದ. ಎತ್ತಲು ಹೋದರೆ ಹಿಡಿಕೆ ಇಲ್ಲ. ಊರಿಗೆಲ್ಲ ಹಿಡಿಕೆ ಕೊಟ್ಟವನು ತುಂಬಿದ ಬಕೆಟ್ಟನ್ನು ತಬ್ಬಿಕೊಂಡು, ಅರ್ಧ ನೀರು ಹೊಟ್ಟೆಯ ಮೇಲೆ ಚೆಲ್ಲಿಕೊಂಡು ಓಡಿದ. ಗೆರೆಯ ಹತ್ತಿರ ಬಂದರೆ ಗೇಟು ಹಾಕಿದೆ. ಸೀಟಿ ಕೂಗಿತು.

"ನಿಲ್ಲಿ! ಏನು ಸಾಮಾನು?"

"ನೀರು ಮಾವ! ಬೆಂಕಿ ಬಿದ್ದಿದೆ!"

"ಎಷ್ಟು?"

"ಒಂದು ಬಕೆಟ್ಟು! ಅಲ್ಲ, ಅರ್ಧ!"

ಮಾವನ ಕೈ ಅಭ್ಯಾಸಬಲದಿಂದ ಚೀಟಿ ಪುಸ್ತಕಕ್ಕೆ ಹೋಯಿತು. ಪುಸ್ತಕ ಇರಲಿಲ್ಲ. ತಿರುಗಿ ನೋಡಿದರು. ಅದು ರಾಶಿಯ ಮೇಲಿತ್ತು, ಉರಿಯುತ್ತಿತ್ತು. ಅದರ ಆಚೆ ವಾರ್ನಿಶ್ ಅಜ್ಜಿ ಡಬ್ಬಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ಕೂಗುತ್ತಿದ್ದಳು. ಮೂವತ್ತೊಂದು ವರ್ಷ, ಒಂದು ಆಡೂ ಇಲ್ಲ. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು, ನೋಡಲಾರದವರಂತೆ ಕಣ್ಣು ಮುಚ್ಚಿ ಹಗ್ಗ ಬಿಟ್ಟರು. ಗೇಟು ಮೇಲೆದ್ದಿತು.

ನೀರು ಬಿತ್ತು. ಹಿಂದೆಯೇ ಬೀಗದವನು, ಇಸ್ತ್ರಿಯವನು, ಕೊನೆಗೆ ಷಡ್ಡಕ ಕೂಡ ಸಿಕ್ಕ ಪಾತ್ರೆ ತಬ್ಬಿಕೊಂಡು ಓಡಿಬಂದರು. ಐದು ನಿಮಿಷದಲ್ಲಿ ಬೆಂಕಿ ಆರಿತು. ಯಾರಿಗೂ ಏನೂ ಆಗಲಿಲ್ಲ, ಒಂದು ಡಬ್ಬವೂ ಹೋಗಲಿಲ್ಲ. ಸುಟ್ಟಿದ್ದು ಅಭಿವೃದ್ಧಿ ಮಾತ್ರ. ನಾಲ್ಕು ಪಟ್ಟಿನಲ್ಲಿ ಒಂದು ಪಟ್ಟೂ ಉಳಿಯದೆ ಒದ್ದೆ ಬೂದಿಯಾಗಿ ನೆಲದ ಮೇಲೆ ಹರಡಿತ್ತು.

ತಜ್ಞರು ಎದ್ದು ನಿಂತು ಪ್ಯಾಂಟು ಹಿಂಡಿದರು. "ಇಡೀ ಊರೇ ನೀರು ತಂತಲ್ಲ. ಅದ್ಭುತ," ಎಂದು ಹೇಳಿ, ಬಟ್ಟೆ ಬದಲಾಯಿಸಲು ಕಾರು ಹತ್ತಿದರು.

ಸಾಹೇಬರು ಬೂದಿಯನ್ನು ನೋಡಿದರು. ಆಮೇಲೆ ಬುದ್ಧಿವಂತ ಅಧಿಕಾರಿಗಳು ಮಾಡುವ ಹಾಗೆ, ಏನೂ ನಡೆದೇ ಇಲ್ಲ ಎಂದು ತೀರ್ಮಾನಿಸಿದರು. "ಚೀಟಿ ಇಲ್ಲ ಅಂದ್ರೆ ಎರಡನೇ ಕಾರ್ಖಾನೆಯೂ ಇಲ್ಲ. ಗಣತಿ ಮೊದಲಿಂದ ಶುರು ಮಾಡಿ," ಎಂದು ಗುಮಾಸ್ತನಿಗೆ ಹೇಳಿ ಕಾರಿನ ಹಿಂದೆ ಓಡಿದರು.

ಗುಮಾಸ್ತ ಹೊಸ ಪುಟ ತೆಗೆದ. ಯಜಮಾನನ ಕಡೆ ಬಹಳ ಅರ್ಥಗರ್ಭಿತವಾಗಿ ನೋಡಿದ. "ಎಷ್ಟು ಜನ?"

ಷಡ್ಡಕ ಮೂಲೆಯಲ್ಲೇ ಇದ್ದ. ಇರಲಿ, ಈ ಸಲ ಎಂಟುನೂರಲ್ಲ, ಎಂಟು ಸಾವಿರ ಜನ ನಕ್ಕರೂ ನಿಜವನ್ನೇ ಹೇಳುವುದು ಎಂದು ಯಜಮಾನ ಗಟ್ಟಿ ಮಾಡಿಕೊಂಡಿದ್ದ. ಹತ್ತು ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆಗ ಮಾವ ಕಣ್ಣಿಗೆ ಬಿದ್ದರು. ಗೇಟಿನ ಕೋಲನ್ನು ಬಿಚ್ಚಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಗೆರೆಯ ಮೇಲೆ ಕೂತಿದ್ದರು. ಅಂಗಿಯ ತುದಿಯಿಂದ ಅದರ ಮಸಿ ಒರೆಸುತ್ತಿದ್ದರು. ಸಂಜೆ ಮತ್ತೆ ಅಡುಗೆಮನೆಯ ಬಾಗಿಲಿಗೆ ಹೋಗಿ ಕೂರಬೇಕಾದವರ ಮುಖ ಅದು. ಯಜಮಾನ ಹತ್ತನ್ನು ನುಂಗಿಕೊಂಡ.

"ಹನ್ನೊಂದು," ಎಂದುಬಿಟ್ಟ.

ವಾರ್ನಿಶ್ ಅಜ್ಜಿ ಹಣೆ ಚಚ್ಚಿಕೊಂಡಳು. ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದವನು ಹಾಗೇ ನಿಂತ. "ಯೋಚನೆ ಮಾಡಿ ಹೇಳಿ. ಬೀಗ ಬೀಳುತ್ತೆ."

"ಮಾಡಿದ್ದೀನಿ ಸಾರ್. ನಮ್ಮ ಮಾವನ್ನ ಬಿಟ್ಟು ಎಣಿಸೋಕೆ ನನ್ನಿಂದ ಆಗಲ್ಲ."

ಮಾವ ತಲೆ ಎತ್ತಿದರು. ಅಳಿಯನನ್ನು ನೋಡಿದರು. ಮೂಗು ಸೇದಿದರು, ಆದರೆ ಈ ಸಲ ಬೇರೆ ಥರ. ಆಮೇಲೆ ಎದ್ದು ಬಂದು ಗುಮಾಸ್ತನ ಎದುರು ನೆಟ್ಟಗೆ ನಿಂತರು.

"ಹತ್ತು ಅಂತ ಬರ್ಕೊಳ್ಳಿ."

"ಮತ್ತೆ ನೀವು?"

"ನಾನು ಗೇಟಿನೋನು. ಮೂವತ್ತೊಂದು ವರ್ಷ ಗಡೀಲಿದ್ದೆ. ಎಷ್ಟು ಗಣತಿ ಆಯ್ತು, ಆ ಕಡೆಯೋರೂ ನನ್ನ ಎಣಿಸ್ಲಿಲ್ಲ, ಈ ಕಡೆಯೋರೂ ಎಣಿಸ್ಲಿಲ್ಲ. ಗೆರೆ ಮೇಲೆ ಕೂತೋನು ಯಾವ ಕಡೆಯೋನೂ ಅಲ್ಲ. ನಿಮ್ಮ ಪುಸ್ತಕದಲ್ಲಿ ಒಂದು ಸೂರಿನಡಿ ಅಂತ ಇದೆ ತಾನೇ? ನಾಳೆಯಿಂದ ಗೇಟು ಬೀದಿ ಬಾಗಿಲಿಗೆ. ಹೊಸ್ತಿಲ ಮೇಲೆ ಸೂರು ಇಲ್ಲ."

ಗುಮಾಸ್ತ ಬಾಗಿಲಿಗೆ ಹೋಗಿ ಕತ್ತೆತ್ತಿ ನೋಡಿದ. ಹೊಸ್ತಿಲ ಮೇಲೆ ತಗಡು ಎರಡಡಿ ಮೊದಲೇ ಮುಗಿದಿತ್ತು. ಕಾಯಿದೆ ಪುಸ್ತಕ ತಿರುವಿದ. ಅದರಲ್ಲಿ ಹೊಸ್ತಿಲ ಮಾತಿರಲಿಲ್ಲ. ನೆಮ್ಮದಿಯ ಉಸಿರು ಬಿಟ್ಟು ದಪ್ಪ ಅಕ್ಷರದಲ್ಲಿ ಹತ್ತು ಎಂದು ಬರೆದ. ಷಡ್ಡಕ ಏನೋ ಹೇಳಲು ಬಾಯಿ ತೆರೆದವನು, ಮಾವ ತಿರುಗಿ ನೋಡಿದ ಕೂಡಲೇ ಸೀನಿ ಸುಮ್ಮನಾದ.

ಆ ವಾರದಲ್ಲೇ ದಿನಕ್ಕೆ ನಾನೂರು ಹಿಡಿಕೆ ಹೊರಗೆ ಹೋಗತೊಡಗಿತು. ಚೀಟಿ ಸುಟ್ಟರೂ ಮೂರು ತಿಂಗಳ ಅಂಕಿ ಉಳಿದಿದ್ದ ಇಲಾಖೆಯ ಲೆಕ್ಕದಲ್ಲಿ ಮಾತ್ರ ಅದು ಭಾರಿ ಕುಸಿತ ಎಂದು ದಾಖಲಾಯಿತು. ಕುಸಿತಕ್ಕೆ ಕಾರಣ ಹುಡುಕಲು ಒಂದು ಸಮಿತಿಯೂ ಕೂತಿತು ಎಂದು ಕೇಳಿದ್ದೇವೆ, ಇನ್ನೂ ಎದ್ದಿಲ್ಲ.

ಸೋಮವಾರ ಬೆಳಿಗ್ಗೆ ಯಜಮಾನ ಕೆಲಸಕ್ಕೆ ಬಂದ. ಬೀದಿ ಬಾಗಿಲಿಗೆ ಕೆಂಪು ಬಿಳಿ ಕೋಲು ಅಡ್ಡ ಇಳಿದಿತ್ತು. ಪಕ್ಕದಲ್ಲಿ ಬಿಸಿಲಿಗೆ ಟವೆಲ್ಲು ಸುತ್ತಿಕೊಂಡು ಮಾವ, ಕೈಯಲ್ಲಿ ಹಗ್ಗ, ಹೊಸ ಚೀಟಿ ಪುಸ್ತಕ.

"ಏನು ಸಾಮಾನು?"

"ನಾನೇ ಮಾವ."

"ಎಷ್ಟು?"

ಯಜಮಾನ ಸುತ್ತ ನೋಡಿದ. ಬೀಗದವನು ನೋಡುತ್ತಿದ್ದ, ಇಸ್ತ್ರಿಯವನು ನೋಡುತ್ತಿದ್ದ.

"ಒಂದು," ಎಂದ. "ಒಂದೇ ಮಾವ."

ಮಾವ ಬರೆದುಕೊಂಡು ಗೇಟು ಎತ್ತಿದರು.